ಅರವತ್ತು ಎಸೆತ

ಬಿದ್ದದ್ದನ್ನೇ ಬರೆಯಬೇಕು ಎಂಬುದು ಏಳನೆಯ ತರಗತಿಯ ಗಣಿತ ಪ್ರಯೋಗಕ್ಕಿದ್ದ ಒಂದೇ ನಿಯಮ. ರಬ್ಬರ್ ಒಂದನ್ನು ಬಿಟ್ಟು ಮೇಜಿನ ಮೇಲಿದ್ದವರೆಲ್ಲ ಅದನ್ನು ಮುರಿಯಲು ಹೊರಟರು.

ದಾಳವನ್ನು ಅರವತ್ತು ಸಲ ಎಸೆದಾಯಿತು. ಬಿದ್ದ ಹಾಗೆಲ್ಲ ಪೆನ್ಸಿಲ್ ಗೀಟು ಹಾಕಿತ್ತು. ನಾಲ್ಕರ ಮುಖಕ್ಕೆ ಹದಿನೈದು ಗೀಟು, ಒಂದರ ಮುಖಕ್ಕೆ ಬರೀ ಐದು.

ರೆಕಾರ್ಡ್ ಪುಸ್ತಕ ಕೆರಳಿತು. "ಮುಖ ಆರು, ಎಸೆತ ಅರವತ್ತು. ಒಂದೊಂದೂ ಹತ್ತು ಸಲ ಬೀಳಬೇಕು. ಈ ದಾಳ ಖೋಟಾ, ಕಸದ ಬುಟ್ಟಿಗೆ ಹಾಕಿ!"

"ಹತ್ತು ಅಂತಲೇ ಬರೆದುಬಿಡಿ ಸ್ವಾಮಿ, ನನ್ನನ್ನು ಉಳಿಸಿ," ಎಂದು ದಾಳ ಗೋಗರೆಯಿತು.

ಪೆನ್ಸಿಲ್ ನಾಚಿಕೆಯಿಲ್ಲದೆ 'ಬಿದ್ದದ್ದು' ಎಂಬ ಕಾಲಮ್ಮಿನ ತುಂಬ ಹತ್ತು, ಹತ್ತು ಎಂದು ಗೀಚಿತು. ಸ್ಕೇಲು ಕೆಳಗೊಂದು ನೆಟ್ಟನೆಯ ಗೆರೆ ಎಳೆದು, "ಎಷ್ಟು ಚೆಂದ! ರಬ್ಬರಣ್ಣ, ಆ ಗೀಟುಗಳನ್ನು ಅಳಿಸಿಬಿಡು. ನಿನ್ನ ಕಸುಬೇ ಅದಲ್ಲವೇ?" ಎಂದಿತು.

"ತಪ್ಪನ್ನು ಅಳಿಸುವುದು ನನ್ನ ಕಸುಬು," ಎಂದು ರಬ್ಬರ್ ಸಿಡಿಯಿತು. "ಹತ್ತು ಎಂಬುದು ಎಸೆಯುವ ಮೊದಲಿನ ನಿರೀಕ್ಷೆ. ಹದಿನೈದು ಎಂಬುದು ಎಸೆದ ಮೇಲಿನ ಸತ್ಯ. ಎರಡನ್ನೂ ಹೋಲಿಸಲಿಕ್ಕೇ ಈ ಪ್ರಯೋಗ. ಒಂದನ್ನು ಅಳಿಸಿ ಇನ್ನೇನನ್ನು ಹೋಲಿಸುತ್ತೀರಿ, ನಿಮ್ಮ ತಲೆ! ದಾಳದ ಮೇಲೆ ಅನುಮಾನವಿದ್ದರೆ ಆರುನೂರು ಸಲ ಎಸೆದು ನೋಡಿ."

"ಅಷ್ಟು ಸಲ ಎಸೆಯುವವರು ಯಾರು, ನಿಮ್ಮಪ್ಪನೇ?" ಎಂದಿತು ಪೆನ್ಸಿಲ್.

ರಬ್ಬರ್ ಗೀಟುಗಳನ್ನು ಮುಟ್ಟದೆ, ಆ ಆರು ಹತ್ತುಗಳನ್ನೂ ಒಂದೊಂದಾಗಿ ಉಜ್ಜಿ ತೆಗೆಯಿತು.