ಹೊಸ ಕಾರಿನ ಹಳೇ ಶಾಫ್ಟು

ದಾವಣಗೆರೆಯ ಒಂದು ಕಾರ್ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ನಾಗವೇಣಿ ಕೂರುತ್ತಿದ್ದಳು. ಒಂದಿನ ಉಮಾಪತಿ ಯಜಮಾನರು ಕಾರಿನ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಮುರಿದದ್ದನ್ನು ಹೊರಿಸಿಕೊಂಡು ಬಂದರು. ಮಗಳಿಗೆ ನೋಡಿದ ಗಂಡಿನ ಮನೆಗೆ ಹೋಗಿ, ಬೀಗರಾಗುವವರನ್ನೂ ಹತ್ತಿಸಿಕೊಂಡು ಬರುವಾಗ ಅವರ ಊರ ರಸ್ತೆಯಲ್ಲೇ ಮುರಿದಿತ್ತು. ಬೀಗರೂ ಪಕ್ಕದಲ್ಲೇ ನಿಂತಿದ್ದರು.

"ನಮ್ಮದು ಈ ವರ್ಷದ ಕಾರು! ಈ ವರ್ಷದ ಶಾಫ್ಟೇ ಬೇಕು. ಹಳೇದು ಗಿಳೇದು ಕೊಟ್ಟೀಯ, ಹುಷಾರ್!" ಯಜಮಾನರು ಗುಡುಗಿದರು.

ನಾಗವೇಣಿ ಹೊಸದನ್ನು ತಂದು ಮುರಿದದ್ದರ ಪಕ್ಕ ಇಟ್ಟಳು. ತುದಿಯ ಹಲ್ಲುಗಳೇ ಬೇರೆ. ಮುರಿದದ್ದು ಎಷ್ಟೋ ವರ್ಷ ಹಿಂದಿನ ಕಾರಿನದು. ಬೀಗರಿಗೆ ಹೊಸ ಕಾರೆಂದು ಹೇಳಿಕೊಂಡಿದ್ದ ಯಜಮಾನರ ಹಣೆ ಬೆವರಿತು. ಹೊಸದು ಕೊಟ್ಟರೆ ಕಾರು ನಡೆಯೋದಿಲ್ಲ. ನಿಜ ಹೇಳಿದರೆ ಮದುವೆ ನಡೆಯೋದಿಲ್ಲ.

"ಎರಡೂ ಬೇರೆ ಬೇರೆ ಕಾಣ್ತವಲ್ಲ?" ಬೀಗರು ಬಗ್ಗಿ ನೋಡಿದರು.

"ಹೌದು ಸಾರ್, ಯಜಮಾನರು ಪುಣ್ಯವಂತರು," ಅಂದಳು ನಾಗವೇಣಿ. "ಇವರ ಹೊಸ ಕಾರಿಗೆ ಕಂಪನಿಯವರು ಹಳೇ ಕಾಲದ ಗಟ್ಟಿ ಶಾಫ್ಟ್ ಹಾಕಿದಾರೆ. ಎಲ್ಲರಿಗೂ ಸಿಗೋದಲ್ಲ. ಒಳಗೆ ಒಂದಿದೆ, ತರ್ತೀನಿ."

"ಗಟ್ಟಿ ಇದ್ದಿದ್ರೆ ಯಾಕಮ್ಮ ಮುರೀತು?"

"ನಿಮ್ಮೂರ ರಸ್ತೆಯಲ್ಲಿ ತಾನೇ ಸಾರ್ ಮುರಿದದ್ದು?"

ಬಗ್ಗಿದ್ದ ಬೀಗರು ನೆಟ್ಟಗಾದರು.

ಮದುವೆ ಗೊತ್ತಾಯಿತು. ಯಜಮಾನರು ಹೆಂಡತಿಯೊಂದಿಗೆ ತಟ್ಟೆಯಲ್ಲಿ ಎಲೆ ಅಡಿಕೆ, ಸೀರೆ, ಲಗ್ನಪತ್ರಿಕೆ ಇಟ್ಟುಕೊಂಡು ಅಂಗಡಿಗೇ ಬಂದರು. "ಮೊದಲನೇ ಪತ್ರಿಕೆ ಮನೆದೇವರಿಗೆ, ಎರಡನೇದು ನಿನಗೆ ತಾಯಿ," ಎಂದು ತಟ್ಟೆ ಮುಂದಿಟ್ಟರು.

ಅವರು ಹೋದ ಮೇಲೆ ಬಾಗಿಲಲ್ಲಿ ಬೀಗರು ಕಾಣಿಸಿದರು. ಕೈಯಲ್ಲಿ ತಮ್ಮ ಕಾರಿನ ಮುರಿದ ಶಾಫ್ಟು. ಆಚೆ ಈಚೆ ನೋಡಿ ಮೆಲ್ಲಗೆ ಅಂದರು:

"ಅಮ್ಮಾ, ನಾನೂ ಪುಣ್ಯವಂತನೇ ಕಣಮ್ಮ."