ಮೆತ್ತಗಾದ ಸಿಪ್ಪೆ

ಕಣದಲ್ಲಿ ಮೈತುಂಬ ಬಿಸಿಲು ಕುಡಿದ ಶೇಂಗಾಕಾಯಿಯೊಂದು ತೂಕಡಿಸುತ್ತಿತ್ತು. ಪಕ್ಕದ ಮಣ್ಣಿನಿಂದ ಬೂಷ್ಟು ಕೇಳಿತು: “ಅಯ್ಯಾ, ಬಾಗಿಲು ತೆಗೆಯುವೆಯಾ?”

“ಇಲ್ಲ. ನನ್ನೊಳಗಿನ ಬೀಜ ಒಣಗಿ ಗಲಗಲ ಎನ್ನುತ್ತಿರುವವರೆಗೆ ಇಲ್ಲಿ ನಿನಗೆ ಜಾಗವಿಲ್ಲ.”

“ಅವಸರವಿಲ್ಲ. ಯಾರಾದರೂ ತೆಗೆಸುತ್ತಾರೆ.”

ಮೊಮ್ಮಗಳಿಗೆ ಉಂಡಿ ಕಟ್ಟಬೇಕೆಂದು ನಿಂಬೆವ್ವ ಕಣದ ಕಾಯಿಗಳನ್ನು ಸುಲಿಯಲು ಕೂತಳು. ಸಿಪ್ಪೆ ಗಟ್ಟಿ, ಬೆರಳು ಉರಿಯತೊಡಗಿದವು. ಊರಲ್ಲಿ ಎಲ್ಲರೂ ಮಾಡುವಂತೆ ಅವಳೂ ರಾಶಿಗೆ ಒಂದು ತಂಬಿಗೆ ನೀರು ಚಿಮುಕಿಸಿ, ಮೇಲೆ ಗೋಣಿ ಹೊದಿಸಿ, ಮೆತ್ತಗಾಗಲೆಂದು ಬಿಟ್ಟುಹೋದಳು.

ಗೋಣಿಯ ಕೆಳಗಿನ ಬೆಚ್ಚನೆಯ ಕತ್ತಲಲ್ಲಿ ಕಾಯಿಗೆ ಕನಸು ಬಿತ್ತು. ಮುಂಗಾರು ಹನಿಯುತ್ತಿತ್ತು. ಹೊಲ ಅದರ ಹೆಸರು ಹಿಡಿದು ಕರೆಯುತ್ತಿತ್ತು. ಮೊಳೆಯುವ ಆಸೆಯಿಂದ ಅದು ಹಿಗ್ಗಿ, ಸಿಪ್ಪೆಯನ್ನು ಸಡಿಲಿಸಿ ಕೇಳಿತು: “ಬಂದೆಯಾ, ಮಳೆಯೇ?”

“ಬಂದೆ,” ಎಂದು ಬೂಷ್ಟು ಮೆಲ್ಲಗೆ ಒಳಗೆ ಕಾಲಿಟ್ಟಿತು.

ನಿಂಬೆವ್ವ ಮರಳಿ ಬಂದು ಕಾಯಿ ಒತ್ತಿದಳು. ಸಿಪ್ಪೆ ತಾನಾಗಿ ಬಿಚ್ಚಿಕೊಂಡಿತು. ಬೀಜಗಳನ್ನು ಉಂಡಿಯ ಬುಟ್ಟಿಗೆ ಹಾಕುತ್ತ ಅವಳು ನಕ್ಕಳು: “ನೀರು ಹಾಕಿದ್ದಕ್ಕ ಎಷ್ಟು ಸಲೀಸಾತು ನೋಡು!”

ಬೀಜದ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ, ವಿಷ ಹೊತ್ತು ಮಲಗಿದ್ದ ಬೂಷ್ಟು ಹೇಳಿತು: “ನನಗೂ, ತಾಯಿ.”