ಮುಖ ಸಿಂಡರಿಸದ ಮಕ್ಕಳು

“ಗುರುಗಳೇ, ನೆರೆಹೊರೆಯವರ ಮನೆಗೆ ಹೋಗಿ ತಿಂಡಿ ಇಸಿದುಕೊಳ್ಳುವ ಮಕ್ಕಳಿಗೆ ಮರ್ಯಾದೆ ಕಲಿಸುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಅವನು ಮಠದ ಪಾಠಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದ. ನವರಾತ್ರಿ ಹತ್ತಿರ ಬಂದಿತ್ತು. ಗೊಂಬೆ ಕೂರಿಸಿದ ಮನೆಗಳಿಗೆ ಮಕ್ಕಳು ಸಂಜೆ ಗುಂಪಾಗಿ ಹೋಗುವುದು, ಮನೆಯವರು ಅವರಿಗೆ ಉಸಲಿಯನ್ನೋ ಸಿಹಿಯನ್ನೋ ಕೊಡುವುದು ಆ ಊರಿನ ರೂಢಿ. ಹಿಂದಿನ ವರ್ಷ ಪಾಠಶಾಲೆಯ ಮಕ್ಕಳು ತಿಂಡಿಗಾಗಿ ನೂಕಾಡಿದ್ದರು. ದೂರು ಮಠದವರೆಗೆ ಬಂದಿತ್ತು.

“ನೀನು ಏನು ಕಲಿಸಬೇಕೆಂದಿದ್ದೀಯ?” ಎಂದು ಗುರುಗಳು ಕೇಳಿದರು.

“ಕೊಟ್ಟಷ್ಟೇ ತೆಗೆದುಕೊಳ್ಳಬೇಕು. ಕೊಟ್ಟದ್ದನ್ನು ತಿನ್ನಬೇಕು. ಚೆನ್ನಾಗಿಲ್ಲ ಎನ್ನಬಾರದು. ಇಷ್ಟು ಸಾಕಲ್ಲವೇ?”

ಗುರುಗಳು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ನೇಕಾರರ ಬೀದಿ ಇತ್ತು. ಆ ಬೀದಿಯ ಹನ್ನೆರಡು ಮಕ್ಕಳಿಗೆ ಊರೆಲ್ಲ ಕೆಟ್ಟ ಹೆಸರು. ನವರಾತ್ರಿಯಲ್ಲಿ “ಗೊಂಬೆ ಕೂರ್ಸಿದ್ದೀರಾ?” ಎಂದು ಬಾಗಿಲಲ್ಲಿ ನಿಂತು ಕೇಳಿ, ಕರೆದ ಮೇಲೆ ಒಳಗೆ ಹೋಗಬೇಕು. ಇವರು ಕೇಳುವಷ್ಟರಲ್ಲಿ ಒಳಗೇ ಇರುತ್ತಿದ್ದರು. ಗೊಂಬೆಗಳ ಕಡೆ ಬೆನ್ನು ಹಾಕಿ ಅಡಿಗೆಮನೆಯ ಕಡೆ ನೋಡುತ್ತಿದ್ದರು.

“ಏನಜ್ಜಿ, ಬರೀ ಪುರೀನಾ? ಮೂಲೆಮನೆಯೋರು ಕೊಬ್ಬರಿಮಿಠಾಯಿ ಕೊಟ್ರು.”

“ಹಂಗಾದ್ರೆ ಮೂಲೆಮನೇಲೇ ಬಿಡಾರ ಹೂಡು, ಹೋಗು.”

“ಅಲ್ಲಿಗೇ ಹೋಗೋಣ ಬನ್ರೋ. ಇಲ್ಲಿ ಪುರೀನೂ ಮೆತ್ತಗಾಗಿದೆ.”

ಹೆಂಗಸರು ಬೇಸತ್ತರು. ಬರುವ ವರ್ಷದಿಂದ ಈ ಮಕ್ಕಳಿಗೆ ಬಾಗಿಲು ತೆಗೆಯುವುದಿಲ್ಲ ಎಂದರು.

ಅದೇ ಬೀದಿಯಲ್ಲಿ ಒಬ್ಬ ಉಪಾಧ್ಯಾಯರಿದ್ದರು. ಎಲ್ಲರಿಗೂ ಬೇಕಾದವರು. ಹಬ್ಬದ ದಿನ ಮಕ್ಕಳಿಗೆ ಬಾಗಿಲು ಮುಚ್ಚುವುದು ಅವರಿಗೆ ಸಹ್ಯವಾಗಲಿಲ್ಲ. “ಒಂದು ವರ್ಷ ಅವಕಾಶ ಕೊಡಿ. ಇವರನ್ನು ನಾನು ತಿದ್ದುತ್ತೇನೆ,” ಎಂದು ಮನೆಮನೆಗೆ ಹೋಗಿ ಕೇಳಿಕೊಂಡರು. ಹೆಂಗಸರು ಒಪ್ಪಿದರು.

ನವರಾತ್ರಿಗೆ ನಲವತ್ತು ದಿನ ಮುಂಚೆ ಪಾಠ ಶುರುವಾಯಿತು. ಶಾಲೆ ಬಿಟ್ಟ ಮೇಲೆ ಹನ್ನೆರಡು ಮಕ್ಕಳೂ ಉಪಾಧ್ಯಾಯರ ಮನೆಗೆ ಬರಬೇಕು. ಒಬ್ಬರು ಮನೆಯೊಡತಿಯಾಗುತ್ತಿದ್ದರು, ಉಳಿದವರು ಬಂದ ಮಕ್ಕಳು. ಬಾಗಿಲಲ್ಲಿ ನಿಲ್ಲುವುದು, ಚಪ್ಪಲಿ ಸಾಲಾಗಿ ಬಿಡುವುದು, ಗೊಂಬೆ ನೋಡಿ ಒಂದು ಮಾತು ಆಡುವುದು, ಹಾಡು ಹೇಳು ಎಂದರೆ ಹೇಳುವುದು, ಎಲ್ಲವನ್ನೂ ಅಭ್ಯಾಸ ಮಾಡಿಸಿದರು. ಎಲೆಯಲ್ಲಿ ಒಂದು ಕಾಳೂ ಬಿಡಬಾರದು. ಬೀದಿಗೆ ಬಂದ ಮೇಲೆ ಯಾವ ಮನೆಯ ತಿಂಡಿಯ ಬಗ್ಗೆಯೂ ಆಡಿಕೊಳ್ಳಬಾರದು. ಯಾರು ಕೇಳಿದರೂ ಚೆನ್ನಾಗಿತ್ತು ಎನ್ನಬೇಕು.

ಕೊನೆಯದು ಕಷ್ಟದ ಪಾಠ. ಅದಕ್ಕೆ ಉಪಾಧ್ಯಾಯರು ಒಂದು ಉಪಾಯ ಕಂಡುಹಿಡಿದರು. ಹುರಿಗಡಲೆ ಹಿಟ್ಟಿಗೆ ಬೆಲ್ಲ ಸೇರಿಸಿ ಉಂಡೆ ಕಟ್ಟಿದರು. ಕೆಲವು ಉಂಡೆಗಳಿಗೆ ಮಾತ್ರ ಬೇವಿನ ಎಲೆಯನ್ನು ಅರೆದು ಹಾಕಿದರು. ಯಾವುದು ಯಾರಿಗೆ ಸಿಗುವುದೋ ಗೊತ್ತಿಲ್ಲ. ಯಾವ ದಿನ ಪರೀಕ್ಷೆ ಎಂದೂ ಹೇಳುತ್ತಿರಲಿಲ್ಲ. ಕಹಿ ಉಂಡೆ ಸಿಕ್ಕವನು ಮುಖ ಸಿಂಡರಿಸದೆ ನುಂಗಿ ‘ಚೆನ್ನಾಗಿದೆ’ ಎಂದರೆ ಗೆದ್ದ.

ಒಂದು ತಿಂಗಳಲ್ಲಿ ಹನ್ನೊಂದು ಮಕ್ಕಳು ಗೆದ್ದರು. ಎಲ್ಲರಿಗಿಂತ ಮೊದಲು ಗೆದ್ದವಳು ತುಂಗೆ. ಅವಳಿಗೆ ಹನ್ನೊಂದು ವರ್ಷ. ಗೆಲ್ಲದವನು ಒಬ್ಬನೇ, ಅವಳ ತಮ್ಮ ಚೆಲುವ. ಅವನಿಗೆ ಆರು. ಮೂರು ಸಲವೂ ಉಗುಳಿದ.

“ಕಹಿ ಮೇಷ್ಟ್ರೇ.”

“ಕಹಿ ಅನ್ನಬಾರದು ಅನ್ನೋದೇ ಪಾಠ ಕಣಯ್ಯ.”

“ಮತ್ತೆ ಏನನ್ಬೇಕು?”

“ಚೆನ್ನಾಗಿದೆ ಅನ್ನು.”

“ಸುಳ್ಳು ಹೇಳ್ಬಾರದು ಅಂತ ಮೊನ್ನೆ ಸ್ಕೂಲಲ್ಲಿ ನೀವೇ ಹೊಡೆದ್ರಲ್ಲ?”

ಮಕ್ಕಳು ನಕ್ಕರು. ಉಪಾಧ್ಯಾಯರು ನಗಲಿಲ್ಲ. ಯಾವುದಾದರೂ ಮನೆಯಲ್ಲಿ ಇವನು ಉಗುಳಿದರೆ ನಲವತ್ತು ದಿನದ ಶ್ರಮ ಹೋಯಿತು, ಬಾಗಿಲುಗಳು ಮತ್ತೆ ಮುಚ್ಚುತ್ತವೆ. ಇವನನ್ನು ಬಿಟ್ಟು ಹೋಗೋಣ ಎಂದರು. ಚೆಲುವ ಅಳತೊಡಗಿದ. ತುಂಗೆ ಮುಂದೆ ಬಂದಳು.

“ಇವನನ್ನ ನಾನು ನೋಡ್ಕೋತೀನಿ ಮೇಷ್ಟ್ರೇ. ಉಗುಳೋಕೆ ಬಿಡಲ್ಲ.”

ಉಪಾಧ್ಯಾಯರು ಒಪ್ಪಿದರು.

ಹಬ್ಬ ಬಂತು. ಮೊದಲ ಐದು ದಿನ ಮಕ್ಕಳು ಹೋದಲ್ಲೆಲ್ಲ ಹೆಂಗಸರು ಬೆರಗಾದರು. ಉಪಾಧ್ಯಾಯರು ದಿನವೂ ಜೊತೆಗೆ ಹೋಗುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. ಹೊರಗೆ ಜಗಲಿಯ ಮೇಲೆ ಕುಳಿತಿರುತ್ತಿದ್ದರು. ‘ನಮ್ಮ ಮನೆಗೂ ಕಳಿಸಿ’ ಎಂದು ಬೇರೆ ಬೀದಿಗಳಿಂದ ಕರೆ ಬರತೊಡಗಿತು. ಬಾಯಿ ಮಾಡಿದ್ದ ಅಜ್ಜಿಯೇ ಕೊಬ್ಬರಿಮಿಠಾಯಿ ಮಾಡಿಸಿದ್ದಳು.

ಆರನೆಯ ದಿನ ಒಬ್ಬ ಬೀಜದ ವ್ಯಾಪಾರಿಯ ಮನೆಗೆ ಹೋಗಬೇಕಾಗಿತ್ತು. ಆ ಮನೆಗೆ ಹೊಸದಾಗಿ ಸೊಸೆ ಬಂದಿದ್ದಳು. ತವರಿನಿಂದ ತಂದ ಪಟ್ಟದ ಗೊಂಬೆಗಳನ್ನು ಮೊದಲ ಸಲ ತಾನೇ ಕೂರಿಸಿದ್ದಳು. ಅತ್ತೆ ಮಗಳ ಬಾಣಂತನಕ್ಕೆ ಹೋಗಿದ್ದಳು. ಗಂಡನೂ ಮಾವನೂ ಅಂಗಡಿಯಲ್ಲಿದ್ದರು. ಏನು ಮಾಡಲಿ ಎಂದು ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ.

ನಡುಕೋಣೆಯಲ್ಲಿ ಒಂದು ಚೀಲ ಅಲಸಂದೆ ಇತ್ತು. ಉಸಲಿಗೆ ಅದನ್ನೇ ಅಳೆದುಕೊಂಡಳು. ಕಾಳಿಗೆ ಬಿಳಿಯ ಪುಡಿ ಅಂಟಿತ್ತು. ಅವಳ ತವರಿನಲ್ಲಿ ಹುಳು ಬೀಳದಿರಲೆಂದು ಅಲಸಂದೆಗೆ ಒಲೆಯ ಬೂದಿ ಬೆರೆಸಿಡುತ್ತಿದ್ದರು. ಇದೂ ಬೂದಿ ಎಂದುಕೊಂಡಳು. ಮೂರು ನೀರಿನಲ್ಲಿ ತೊಳೆದಳು, ನೆನೆಸಿದಳು, ಬೇಯಿಸಿದಳು, ಇಂಗು ಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಯಿ ತುರಿದು ಹಾಕಿದಳು. ರುಚಿ ನೋಡಲಿಲ್ಲ. ನೈವೇದ್ಯದ ಅಡಿಗೆಯನ್ನು ಮಾಡಿದವರು ಮೊದಲು ರುಚಿ ನೋಡುವಂತಿಲ್ಲ. ನೈವೇದ್ಯವಾದ ಮೇಲೂ ಅವಳು ತಿನ್ನುವಂತಿರಲಿಲ್ಲ. ದೀಪ ಹಚ್ಚುವವರೆಗೆ ಅವಳಿಗೆ ಉಪವಾಸ.

ಅದು ಬೂದಿಯಲ್ಲ. ಬಿತ್ತನೆಗೆಂದು ವಿಷದ ಔಷಧಿ ಹಚ್ಚಿಟ್ಟ ಕಾಳು.

ಮಕ್ಕಳು ಬಂದರು. ಉಪಾಧ್ಯಾಯರು ಎಂದಿನಂತೆ ಜಗಲಿಯ ಮೇಲೆ ಕುಳಿತರು. ಮಕ್ಕಳು ಗೊಂಬೆ ನೋಡಿದರು. ತುಂಗೆ ಒಂದು ಹಾಡು ಹೇಳಿದಳು. ಸೊಸೆ ಹನ್ನೆರಡು ಎಲೆಗಳಲ್ಲಿ ಉಸಲಿ ಹಾಕಿಕೊಟ್ಟಳು.

ಮೊದಲ ತುತ್ತಿಗೇ ಕಹಿಯೆಂದು ಎಲ್ಲರಿಗೂ ಗೊತ್ತಾಯಿತು. ಯಾರೂ ಮುಖ ಸಿಂಡರಿಸಲಿಲ್ಲ. ಒಬ್ಬರನ್ನೊಬ್ಬರು ನೋಡಲೂ ಇಲ್ಲ. ಗೊಂಬೆಗಳ ಕಡೆ ನೋಡುತ್ತ ತಿಂದರು. ಚೆಲುವ ಎರಡು ಕಾಳು ಬಾಯಿಗೆ ಹಾಕಿಕೊಂಡು ತುಟಿ ಬಿಗಿದ. ಸೊಸೆ ನೀರು ತರಲು ಒಳಗೆ ಹೋದಳು. ತುಂಗೆ ಅವನ ಬಾಯಿಯ ಕಾಳನ್ನು ತನ್ನ ಅಂಗೈಗೆ ಉಗುಳಿಸಿಕೊಂಡು ಲಂಗದ ಅಂಚಿನಲ್ಲಿ ಗಂಟು ಕಟ್ಟಿದಳು. ಅವನ ಎಲೆಯನ್ನು ಖಾಲಿ ಮಾಡಬೇಕಿತ್ತು. ತನ್ನದನ್ನು ತಿಂದು ಅವನದನ್ನೂ ತಿಂದಳು.

ಸೊಸೆ ಬಂದು ಅವಳ ಪಕ್ಕದಲ್ಲಿ ಕುಳಿತಳು. “ಉಪ್ಪು ಖಾರ ಸರಿಯಾಗಿತ್ತೇನೇ? ನಂಗೆ ಇದೇ ಮೊದಲ್ನೇ ಸಲ.”

“ತುಂಬಾ ಚೆನ್ನಾಗಿತ್ತಕ್ಕ.”

“ನಿಜವಾಗ್ಲೂ?”

“ನಿಜವಾಗ್ಲೂ. ನಮ್ಮಮ್ಮಂಗೂ ಹಿಂಗೆ ಬರಲ್ಲ.”

ಸೊಸೆ ನಕ್ಕಳು. ಎಲ್ಲರಿಗೂ ಕುಂಕುಮ ಇಟ್ಟು ಕಳಿಸಿದಳು.

ಅವತ್ತು ಅದಕ್ಕೆ ಮುಂಚೆ ಮಕ್ಕಳು ಇನ್ನೂ ನಾಲ್ಕು ಮನೆಗಳಲ್ಲಿ ತಿಂದಿದ್ದರು. ದೀಪ ಹಚ್ಚುವ ಹೊತ್ತಿಗೆ ಮೊದಲ ಮಗು ವಾಂತಿ ಮಾಡಿತು. ಆಮೇಲೆ ಒಂದೊಂದೇ ಮನೆಯಿಂದ ಕೂಗು ಕೇಳಿಸಿತು. ಉಪಾಧ್ಯಾಯರು ಮನೆಮನೆಗೆ ಓಡಿದರು. ನಡೆಯಲಾರದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎತ್ತಿಕೊಂಡು ವೈದ್ಯರ ಪಡಸಾಲೆಗೆ ತಂದು ಮಲಗಿಸಿದರು, ಮತ್ತೆ ಓಡಿದರು.

ವಿಷವೆಂದು ವೈದ್ಯರಿಗೆ ನೋಡಿದೊಡನೆ ತಿಳಿಯಿತು. ಯಾವ ವಿಷವೆಂದು ತಿಳಿಯಲಿಲ್ಲ. ಅದು ತಿಳಿಯದೆ ಔಷಧಿ ಕೊಡುವಂತಿರಲಿಲ್ಲ.

“ಏನೇನು ತಿಂದಿರಿ?”

ಮಕ್ಕಳು ಐದು ಮನೆಗಳ ತಿಂಡಿಯನ್ನೂ ಹೇಳಿದರು.

“ಅದರಲ್ಲಿ ಯಾವುದು ಕೆಟ್ಟಿತ್ತು?”

“ಎಲ್ಲಾ ಚೆನ್ನಾಗಿತ್ತು,” ಎಂದಿತು ಒಂದು ಮಗು.

“ಯಾವುದಾದರೂ ವಾಸನೆ ಬರುತ್ತಿತ್ತೇ? ಕಹಿ ಇತ್ತೇ?”

“ಇಲ್ಲ. ಚೆನ್ನಾಗಿತ್ತು.”

ವೈದ್ಯರು ಹತ್ತು ಮಕ್ಕಳನ್ನು ಕೇಳಿದರು. ಹತ್ತೂ ಮಕ್ಕಳು ಅದನ್ನೇ ಹೇಳಿದರು. ಮಾತಾಡುವ ಶಕ್ತಿಯಿಲ್ಲದವರು ತಲೆಯಾಡಿಸಿದರು. ತಾಯಂದಿರು ಬೇಡಿಕೊಂಡರು. ಗದರಿಸಿದರು. ಮಕ್ಕಳು ಪಾಠ ಮರೆಯಲಿಲ್ಲ. ಐದು ಮನೆಗಳಿಗೂ ಆಳು ಕಳಿಸಿದರು. ನಾಲ್ಕು ಮನೆಯವರು ತಮ್ಮ ತಿಂಡಿಯನ್ನು ತಾವೂ ತಿಂದಿದ್ದೇವೆ, ನಮಗೇನೂ ಆಗಿಲ್ಲ ಎಂದರು. ವ್ಯಾಪಾರಿಯ ಮನೆಯ ಬಾಗಿಲಿಗೆ ಬೀಗ ಹಾಕಿತ್ತು. ಸೊಸೆ ಕುಂಕುಮಕ್ಕೆಂದು ದೂರದ ಬೀದಿಗೆ ಹೋಗಿದ್ದಳು.

ಹೀಗೆ ಒಂದು ಗಂಟೆ ಕಳೆಯಿತು.

ತುಂಗೆಯ ಕೈಕಾಲು ತಣ್ಣಗಾಗಿತ್ತು. ಚೆಲುವ ಅವಳ ತಲೆಯ ಬಳಿ ಕುಳಿತಿದ್ದ. ಅವನಿಗೆ ಏನೂ ಆಗಿರಲಿಲ್ಲ. ಹಾಗಾಗಿ ಅವನನ್ನು ಯಾರೂ ಕೇಳಿರಲಿಲ್ಲ. ವೈದ್ಯರು ತಿರುಗಿ ಅವನನ್ನು ನೋಡಿದರು.

“ನೀನು ಇವರ ಜೊತೆ ಹೋಗಿರಲಿಲ್ಲವೇ?”

“ಹೋಗಿದ್ದೆ.”

“ಏನು ತಿನ್ನದೆ ಬಿಟ್ಟೆ?”

ಚೆಲುವ ಅಕ್ಕನ ಮುಖ ನೋಡಿದ. “ಹೇಳ್ಬೇಡ ಅಂದಿದ್ದಾಳೆ.”

“ಹೇಳಪ್ಪ. ಅವಳು ಬೈದರೆ ನಾನಿದ್ದೇನೆ.”

“ಹೊಸ ಅಕ್ಕನ ಉಸಲಿ. ಕಹಿ ಇತ್ತು. ನಂದನ್ನೂ ಇವಳೇ ತಿಂದ್ಲು.” ಅವನು ಅಕ್ಕನ ಲಂಗದ ಗಂಟನ್ನು ತೋರಿಸಿದ.

ವೈದ್ಯರು ಗಂಟು ಬಿಚ್ಚಿದರು. ಎರಡು ಕಾಳು ಇತ್ತು. ಆಳೊಬ್ಬ ಅದನ್ನು ಹಿಡಿದು ಬೀಜದ ಅಂಗಡಿಗೆ ಓಡಿದ. ವ್ಯಾಪಾರಿ ಕಾಳನ್ನು ನೋಡಿ ಔಷಧಿಯ ಹೆಸರು ಹೇಳಿದ. ಹೇಳಿ ಅಲ್ಲೇ ಕುಸಿದು ಕುಳಿತ.

ಆಮೇಲೆ ಮದ್ದಿಗೆ ತಡವಾಗಲಿಲ್ಲ. ಬೆಳಗಾಗುವಷ್ಟರಲ್ಲಿ ಹತ್ತು ಮಕ್ಕಳು ಉಳಿದುಕೊಂಡರು. ಎರಡು ಎಲೆ ತಿಂದವಳು ಉಳಿಯಲಿಲ್ಲ.

ಮಕ್ಕಳು ಚೇತರಿಸಿಕೊಂಡ ಮೇಲೆ ಒಬ್ಬ ತಾಯಿ ತನ್ನ ಮಗನನ್ನು ಕೇಳಿದಳು. ಉಪಾಧ್ಯಾಯರು ಪಕ್ಕದಲ್ಲೇ ನಿಂತಿದ್ದರು.

“ಕಹಿ ಅಂತ ಗೊತ್ತಾಗ್ಲಿಲ್ವೇನೋ ನಿಂಗೆ?”

“ಗೊತ್ತಾಯ್ತು.”

“ಮತ್ತೆ ಯಾಕೋ ತಿಂದೆ?”

“ಮೇಷ್ಟ್ರು ಪರೀಕ್ಷೆ ಇಟ್ಟಿದಾರೆ ಅಂದ್ಕೊಂಡೆ. ಎಲ್ಲಾರೂ ಹಂಗೇ ಅಂದ್ಕೊಂಡ್ವಿ.”

ಉಪಾಧ್ಯಾಯರು ಹೊರಗೆ ಹೋದರು. ಅವರು ಮತ್ತೆ ಯಾವ ಮಗುವಿಗೂ ಪಾಠ ಹೇಳಲಿಲ್ಲ. ಅಲ್ಲಿಗೆ ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಬಿಳಿಚಿತ್ತು.

“ಆ ಉಪಾಧ್ಯಾಯರು ಕೆಟ್ಟವರಲ್ಲ, ಗುರುಗಳೇ. ಬೇವಿನ ಉಂಡೆ ಕೊಟ್ಟದ್ದು ತಪ್ಪು, ಒಪ್ಪುತ್ತೇನೆ. ಆದರೆ ಅವತ್ತು ಅವರು ಹೊರಗಿದ್ದರು. ಉಸಲಿ ಕಹಿಯೆಂದು ತಿಳಿದಿದ್ದರೆ ಒಳಗೆ ನುಗ್ಗಿ ಎಲೆಗಳನ್ನು ಕಿತ್ತು ಎಸೆಯುತ್ತಿರಲಿಲ್ಲವೇ? ಅವರಿಗೆ ಹೇಗೆ ತಿಳಿಯಬೇಕು?”

ಗುರುಗಳು ಹೇಳಿದರು: “ಸೊಸೆ ಮೊದಲ ಎಲೆಯನ್ನು ಜಗಲಿಗೇ ತಂದುಕೊಟ್ಟಿದ್ದಳು. ಅವರು ಒಂದು ತುತ್ತು ಮುಖ ಸಿಂಡರಿಸದೆ ನುಂಗಿ, ‘ಚೆನ್ನಾಗಿದೆ ತಾಯಿ, ಮಕ್ಕಳಿಗೂ ಕೊಡಿ’ ಎಂದಿದ್ದರು.”